ಕೊಚ್ಚಿಯ ಲೇಸರು, ಕಾಕಾನ ದುವಾ

ಹುಬ್ಬಳ್ಳಿ ಬಿಟ್ಟಾಗ

ಕೇರಳ ಪರದೇಶವಲ್ಲ ಎಂದು ಭೂಗೋಳ ಓದಿದವರು ಹೇಳಬಹುದು. ನನಗೆ ಅಂಗಡಿಯ ಬೋರ್ಡು ಓದಲು ಬಾರದ ಊರೆಲ್ಲ ಪರದೇಶವೇ. ನಲವತ್ತೆಂಟು ವರ್ಷದಲ್ಲಿ ನಾನು ಕಂಡ ಪರದೇಶಗಳು ಎರಡು: ತಂಗಿಯ ಬಾಣಂತನಕ್ಕೆಂದು ಹೋಗಿದ್ದ ಕೊಯಮತ್ತೂರು, ಮತ್ತು ಈಗ ಹೇಳಹೊರಟಿರುವ ಕೊಚ್ಚಿ, ತಿರುವನಂತಪುರ. ಕೊಯಮತ್ತೂರಿನಿಂದ ಒಂದು ಗ್ರೈಂಡರ್ ತಂದಿದ್ದೆ. ಕೇರಳದಿಂದ ತಂದದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಸರು ಗಿರಿಜಾ. ಹುಬ್ಬಳ್ಳಿಯಲ್ಲಿ ಕಬ್ಬಿಣ ಕೊರೆಯುವ ಒಂದು ಲೇತ್ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅಳೆಯುವ ಕೆಲಸ. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ನಾನು ಅಳೆದು, ಸರಿ ಇದೆ ಅಥವಾ ಇಲ್ಲ ಎನ್ನುತ್ತೇನೆ. ಹೀಗಾಗಿ ಶೆಡ್ಡಿನಲ್ಲಿ ನನ್ನನ್ನು ಕಂಡರೆ ಎಲ್ಲರಿಗೂ ಅಷ್ಟಕ್ಕಷ್ಟೆ, ಮೌಲಾಲಿ ಕಾಕಾ ಒಬ್ಬರನ್ನು ಬಿಟ್ಟು.

ಕಾಕಾ ನಮ್ಮ ಶೆಡ್ಡಿನ ಹಿರಿಯ ಲೇತ್ ಮಿಸ್ತ್ರಿ. ವಯಸ್ಸು ಅರವತ್ತಮೂರು. ನಾನು ಕೆಲಸಕ್ಕೆ ಸೇರಿದ ದಿನ ಅಳತೆಯ ವರ್ನಿಯರನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟವರು ಅವರೇ. ಅವರದೊಂದು ರೂಢಿ ಇತ್ತು. ಲೇತಿನ ಮೇಲೆ ಕೊರೆಯುತ್ತಿದ್ದ ತುಂಡು, ನಮ್ಮ ಮಾತಿನಲ್ಲಿ ಜಾಬ್, ಕೊನೆಯ ಸುತ್ತು ಮುಗಿಸಿತೆಂದರೆ, ಅಂಗಿಯ ಜೇಬಿನಿಂದ ಸವೆದು ಚಿಂದಿಯಾದ ಎಮರಿ ಪೇಪರಿನ ತುಂಡೊಂದನ್ನು ತೆಗೆದು, ಒಂದು ಹನಿ ಎಣ್ಣೆ ಹಚ್ಚಿ, ತಿರುಗುತ್ತಿರುವ ಜಾಬಿಗೆ ಮೆತ್ತಗೆ ತಾಗಿಸುತ್ತಿದ್ದರು. ಕಣ್ಣು ಮುಚ್ಚಿಕೊಂಡು, ಹತ್ತು ಎಣಿಸುವಷ್ಟು ಹೊತ್ತು. ಕಬ್ಬಿಣ ಕನ್ನಡಿಯಾಗುತ್ತಿತ್ತು. ಶೆಡ್ಡಿನವರು ಇದಕ್ಕೆ ‘ಕಾಕಾನ ದುವಾ’ ಎಂದು ಹೆಸರಿಟ್ಟಿದ್ದರು. ದುವಾ ಆಗದೆ ಒಂದು ಜಾಬೂ ನಮ್ಮ ಬಾಗಿಲು ದಾಟಿದ್ದಿಲ್ಲ. ಪಂಪಿನ ಶಾಫ್ಟು ಒಯ್ಯಲು ಬಂದ ಗಿರಾಕಿಗಳು ಕೂಡ “ದುವಾ ಆಗೇತೇನ್ರೀ?” ಎಂದು ಕೇಳಿಯೇ ಒಯ್ಯುತ್ತಿದ್ದರು.

ಹೋದ ವರ್ಷ ತಿರುವನಂತಪುರದ ಕಡೆಯಿಂದ ಒಂದು ರಿಂಗಿನ ಕೆಲಸ ಬಂತು. ಕೈಬಳೆಗಿಂತ ತುಸು ದೊಡ್ಡ ರಿಂಗು. ರಾಕೆಟ್ಟಿಗೆ ಸೇರುವ ಯಾವುದೋ ಯಂತ್ರದ ಹೊಟ್ಟೆಯೊಳಗೆ ಕೂರುತ್ತದಂತೆ, ಅದಕ್ಕಿಂತ ಹೆಚ್ಚಿಗೆ ನಮಗೆ ಹೇಳಲಿಲ್ಲ. ಲೋಹ ನೋಡಲು ಅಲ್ಯೂಮಿನಿಯಂ, ಹಗುರ. ಆದರೆ ಅದರ ತುಂಬ ಸಿಲಿಕಾನ್ ಕಾರ್ಬೈಡಿನ ಕಣಗಳನ್ನು ಬೆರೆಸಿ ಎರಕ ಹೊಯ್ದಿದ್ದರು. ಸಾಣೆಕಲ್ಲು ಮಾಡುವ ಪುಡಿ ಅದು. ಬೆಲ್ಲದಲ್ಲಿ ಮರಳು ಕಲಸಿದ ಹಾಗೆ, ಬೆಲ್ಲವೆಂದು ಕಚ್ಚಿದರೆ ಹಲ್ಲು ಹೋಗುತ್ತದೆ. ನಮ್ಮ ಟೂಲುಗಳ ತುದಿಯೂ ಹಾಗೆಯೇ ಹೋದವು. ಕಣಗಳು ಕತ್ತರಿಸಿಕೊಳ್ಳದೆ ಕಿತ್ತು ಬರುತ್ತಿದ್ದವು. ಕಿತ್ತಲ್ಲಿ ಗುಳಿ, ಎಳೆದಲ್ಲಿ ಗೀರು. ನನ್ನ ಬಳಿ ನುಣುಪು ಅಳೆಯುವ ಪುಟ್ಟ ಯಂತ್ರವಿದೆ. ಅದರ ಸೂಜಿ ಲೋಹದ ಮೇಲೆ ಹರಿದು, ಏರುತಗ್ಗನ್ನು ಅಂಕಿಯಾಗಿ ತೋರಿಸುತ್ತದೆ. ಅಂಕಿ ಸಣ್ಣದಾದಷ್ಟೂ ನುಣುಪು ಹೆಚ್ಚು. ಅವರಿಗೆ ಬೇಕಾದದ್ದು ಎಂಟರೊಳಗೆ. ನಾವು ಮಾಡಿದ ಮಾದರಿ ರಿಂಗುಗಳು ದುವಾ ಆದ ಮೇಲೂ ಇಪ್ಪತ್ತಕ್ಕಿಂತ ಕೆಳಗೆ ಇಳಿಯಲಿಲ್ಲ.

ಆಗ ಮಾಲೀಕರು ಒಂದು ದಾರಿ ಹುಡುಕಿದರು. ರಿಂಗನ್ನು ಆಕಾರಕ್ಕೆ ತರುವ ಕೆಲಸ ಕಾಕಾರ ಲೇತಿನಲ್ಲಿ. ಕೊನೆಯ ಸುತ್ತು ಮಾತ್ರ ಕೊಚ್ಚಿಯ ಒಂದು ಪ್ರಯೋಗಶಾಲೆಯಲ್ಲಿ, ಲೇಸರ್ ಕಟ್ಟಿದ ಲೇತಿನ ಮೇಲೆ. ಆಮೇಲೆ ತಿರುವನಂತಪುರಕ್ಕೆ ಒಯ್ದು ತಪಾಸಣೆಗೆ ಕೊಡುವುದು. ರಿಂಗ್ ಪಾಸಾದರೆ ಹಳೆಯ ಲೇತುಗಳೂ ಕಾಕಾರೂ ಉಳಿಯುತ್ತಾರೆ. ಪಾಸಾಗದಿದ್ದರೆ ಆ ಜಾಗಕ್ಕೆ ಕಂಪ್ಯೂಟರಿನಿಂದ ನಡೆಯುವ ಮಶೀನು ಬರುತ್ತದೆ, ಕಾಕಾ ಮನೆಗೆ ಹೋಗುತ್ತಾರೆ. ಇದನ್ನು ಮಾಲೀಕರು ಕಾಕಾರ ಎದುರಿಗೇ ಹೇಳಿದರು. ಕಾಕಾ ತಲೆಯಲ್ಲಾಡಿಸಿ, ಕೈ ಒರೆಸಿಕೊಂಡು ಮತ್ತೆ ಲೇತಿಗೆ ಹೋದರು. ಲೇತಿಲ್ಲದ ಹಗಲನ್ನು ಅವರು ಹೇಗೆ ಕಳೆದಾರು ಎಂದು ನನಗೆ ಹೊಳೆಯಲಿಲ್ಲ, ಬಹುಶಃ ಅವರಿಗೂ ಹೊಳೆಯಲಿಲ್ಲ.

ಸ್ಟೇಶನ್ನಿನಲ್ಲಿ ಮಾಲೀಕರು ನನ್ನ ಕೈಗೆ ಷರತ್ತಿನ ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿ ಹದಿನಾರು ಷರತ್ತು. ರೈಲು ಹುಬ್ಬಳ್ಳಿಯ ಬಯಲು ಬಿಡುವ ಮೊದಲೇ ಕಾಕಾ, “ಏನ್ ಬರದಾರ ಓದವ್ವಾ” ಎಂದರು. ಒಂದೊಂದಾಗಿ ಕನ್ನಡ ಮಾಡಿ ಹೇಳಿದೆ. ಒಂಬತ್ತನೆಯದು: ಕೊನೆಯ ಸುತ್ತಿನ ಬಳಿಕ ಕೈಯಿಂದ ಉಜ್ಜುವುದು, ಪಾಲಿಶ್ ಮಾಡುವುದು ಕೂಡದು. ಕಾಕಾರ ಮುಖ ನೋಡಿದೆ. ನಿಮ್ಮ ದುವಾ ಬೇಡವಂತೆ ಎಂದು ಆ ಮುಖಕ್ಕೆ ಹೇಳುವುದು ಹೇಗೆ? ಹೇಗೂ ಲೇಸರ್ ಲೇತು ಪೆಟ್ಟಿಗೆಯೊಳಗೆ ಇರುತ್ತದೆ, ಇವರನ್ನು ಯಾರು ಹತ್ತಿರ ಬಿಡುತ್ತಾರೆ ಎಂದುಕೊಂಡೆ. ಒಂಬತ್ತನ್ನು ನುಂಗಿ ಹತ್ತಕ್ಕೆ ಹೋದೆ.

ಎರ್ನಾಕುಲಂ

ಇಳಿದಾಗ ಮಳೆ. ನಮ್ಮಲ್ಲಿ ಮಳೆ ಬಂದರೆ ಜನ ಅಂಗಡಿಯ ಛಾವಣಿ ಸೇರಿ, ಆಕಾಶ ನೋಡುತ್ತ ಸಂಸಾರದ ಸುದ್ದಿ ಮಾತಾಡುತ್ತಾರೆ. ಇಲ್ಲಿ ಒಬ್ಬರೂ ನಿಲ್ಲಲಿಲ್ಲ. ಎಲ್ಲರ ಕೈಯಲ್ಲೂ ಛತ್ರಿ, ಎಲ್ಲರಿಗೂ ಎಲ್ಲಿಗೋ ಹೋಗುವುದಿತ್ತು. ನಾವಿಬ್ಬರೇ ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ನಿಂತು ನೆಂದೆವು. ನನ್ನ ಎದೆಗೆ ಅವುಚಿಕೊಂಡಿದ್ದ ಸ್ಟೀಲ್ ಡಬ್ಬಿಯಲ್ಲಿ ರಿಂಗು, ಕಾಕಾರ ಕೈಚೀಲದಲ್ಲಿ ಐದು ದಿನಕ್ಕಾಗುವಷ್ಟು ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ. ರಿಂಗಿಗೆ ಒಂದು ಹನಿಯೂ ತಾಗಲಿಲ್ಲ. ರೊಟ್ಟಿಗೆ ನೀರು ಹೊಕ್ಕು ಅರ್ಧ ಚೀಲ ಮೆತ್ತಗಾಯಿತು.

ಹೋಟೆಲಿನಲ್ಲಿ ಕುಡಿಯಲು ಬಿಸಿಯಾದ ಗುಲಾಬಿ ಬಣ್ಣದ ನೀರು ತಂದಿಟ್ಟರು. ಕಾಕಾ ಅದನ್ನು ಬೆಳಕಿಗೆ ಹಿಡಿದು, “ಕೂಲಂಟ್ ಇದ್ದಂಗ ಐತಲ್ಲವ್ವಾ” ಎಂದರು. ಲೇತಿನಲ್ಲಿ ಟೂಲು ತಣ್ಣಗಿರಲೆಂದು ಸುರಿಯುವ ನೀರಿನ ಮಾತು ಅದು. ಯಾವುದೋ ಮರದ ಚಕ್ಕೆ ಹಾಕಿ ಕುದಿಸುತ್ತಾರಂತೆ, ಆರೋಗ್ಯಕ್ಕೆ ಒಳ್ಳೆಯದಂತೆ. ಕಾಕಾ ಕುಡಿಯಲಿಲ್ಲ. ಅನ್ನ ಬಂತು, ಒಂದೊಂದು ಅಗುಳು ಹುಣಸೆಬೀಜದಷ್ಟು. ಎರಡು ತುತ್ತು ತಿಂದು ಕೈ ತೊಳೆದುಕೊಂಡರು. ಮುಂದಿನ ಮೂರು ದಿನ ಮೆತ್ತಗಾದ ರೊಟ್ಟಿಯಲ್ಲೇ ಕಳೆದರು. ಬಡಿಸುವ ಹೆಂಗಸು ನನ್ನನ್ನು “ಚೇಚಿ, ಚೇಚಿ” ಎನ್ನುತ್ತ ಮತ್ತೆ ಮತ್ತೆ ಸಾಂಬಾರು ಸುರಿದಳು. ಅಕ್ಕ ಎನ್ನುವ ಊರಲ್ಲಿ ಭಯವಿಲ್ಲ ಎಂದುಕೊಂಡೆ. ಆ ದಿನದ ಮಟ್ಟಿಗೆ ಸಮಾಧಾನವಾಯಿತು.

ಪ್ರಯೋಗಶಾಲೆಯ ಉದಯ ನಮ್ಮನ್ನು ಕರೆದೊಯ್ಯಲು ಬಂದ. ಕಾಸರಗೋಡಿನ ಕಡೆಯವನು, ಮೂವತ್ತೈದರ ಆಸುಪಾಸು. ಕನ್ನಡ ಕೇಳಿ ನನಗೆ ಕಣ್ಣು ತುಂಬಿ ಬಂತು. ಅದು ನಮ್ಮ ಕನ್ನಡವಲ್ಲ, ಆದರೂ ಕನ್ನಡ. ಅಂದು ಸಂಜೆ ವೈಟ್ಟಿಲದ ತನ್ನ ಮನೆಗೆ ಚಹಾಕ್ಕೆ ಕರೆದ. ಆರು ವರ್ಷದ ಮಗಳು ನಿಧಿ ಅಪ್ಪನ ಕನ್ನಡಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದಳು. ಕಾಕಾ ರೊಟ್ಟಿ ಮುರಿದು ಚಟ್ನಿ ಹಚ್ಚಿ ಕೊಟ್ಟರೆ “ಎನಿಕ್ಕ್ ವೇಂಡ”, ನನಗೆ ಬೇಡ, ಎಂದು ಓಡಿದಳು.

“ಅವಳಿಗೆ ಎಲ್ಲ ಅರ್ಥ ಆಗ್ತದೆ ಅಕ್ಕ, ಮಾತಾಡುದಿಲ್ಲ ಅಷ್ಟೇ. ನಾವೂ ಎಂತ ಮಾಡುದು, ಶಾಲೆಯಲ್ಲಿ ಯಾರಿದ್ದಾರೆ?” ಎಂದ ಉದಯ.

ಏಲೂರ್ ದಾರಿ

ಪ್ರಯೋಗಶಾಲೆ ಏಲೂರಿಗೆ ಹೋಗುವ ದಾರಿಯಲ್ಲಿತ್ತು. ಗೊಬ್ಬರ, ರಾಸಾಯನಿಕದ ಕಾರ್ಖಾನೆಗಳ ಚಿಮಣಿಗಳು, ಅವುಗಳ ಹಿಂದೆ ಬೂದು ಬಣ್ಣದ ಹೊಳೆ. ಎಲ್ಲದರ ಮೇಲೂ ಪಾಚಿ. ನಮ್ಮ ಊರಿನಲ್ಲಿ ಹಳೆಯ ಕಬ್ಬಿಣಕ್ಕೆ ಧೂಳು ಹಿಡಿಯುತ್ತದೆ, ಇಲ್ಲಿ ಹೊಸ ಗೋಡೆಗೂ ಹಸಿರು ಹಿಡಿದಿತ್ತು. ಇಂಥಲ್ಲಿ ತುಕ್ಕು ಹತ್ತದಂತೆ ಮಶೀನು ಕಾಯುವವರ ಗೋಳೇನು ಎಂದು ಕಾಕಾ ದಾರಿಯುದ್ದಕ್ಕೂ ಮರುಗಿದರು.

ಲೇಸರ್ ಲೇತನ್ನು ನಾನು ದೊಡ್ಡದಾಗಿ ಕಲ್ಪಿಸಿಕೊಂಡಿದ್ದೆ. ನೋಡಿದರೆ ನಮ್ಮಲ್ಲಿರುವಂಥದೇ ಲೇತು, ಸುತ್ತ ತಗಡಿನ ಪೆಟ್ಟಿಗೆ, ಅದಕ್ಕೊಂದು ಕಂದು ಗಾಜಿನ ಕಿಟಕಿ. ಟೂಲಿನ ಸ್ವಲ್ಪ ಮುಂದಕ್ಕೆ ಬೆರಳು ದಪ್ಪದ ಒಂದು ನಳಿಗೆ ಬಗ್ಗಿ ನಿಂತಿತ್ತು. ಅದರಿಂದ ಬರುವ ಬೆಳಕು ಲೋಹವನ್ನು ಟೂಲು ಮುಟ್ಟುವ ಗಳಿಗೆಗೆ ಮೊದಲು ಬಿಸಿ ಮಾಡುತ್ತದೆ. ಬಿಸಿಯಾದ ಅಲ್ಯೂಮಿನಿಯಂ ಮೆತ್ತಗಾಗಿ ಕಣಗಳಿಗೆ ಸರಿಯಲು ಜಾಗ ಕೊಡುತ್ತದೆ. ಅವು ಕಿತ್ತು ಬರುವುದಿಲ್ಲ, ಟೂಲಿನ ತುದಿಯೂ ಬೇಗ ಸಾಯುವುದಿಲ್ಲ.

“ಈ ಬೆಳಕು ಕಣ್ಣಿಗೆ ಕಾಣುದಿಲ್ಲ. ಆದ್ರೆ ಕಣ್ಣನ್ನೇ ತೆಗೀತದೆ. ಹಾಗೆ ಪೆಟ್ಟಿಗೆ ಮುಚ್ಚದೆ ಕೀಲಿ ತಿರುಗುದೇ ಇಲ್ಲ” ಎಂದು ಉದಯ ನಮ್ಮಿಬ್ಬರಿಗೂ ಕನ್ನಡಕ ಕೊಟ್ಟ. ಹೊಳೆಯುವ ಅಲ್ಯೂಮಿನಿಯಂ ಬೆಳಕನ್ನು ವಾಪಸು ಎಸೆಯುತ್ತದೆಂದು ರಿಂಗಿಗೆ ತೆಳ್ಳಗೆ ಕಪ್ಪು ಬಳಿದ.

“ದೃಷ್ಟಿ ಆಗಬಾರದಂತ ಮಸಿ ಹಚ್ಚಿದಂಗಾತು” ಎಂದು ಕಾಕಾ ನಕ್ಕರು. ಅವರು ಈ ಪ್ರವಾಸದಲ್ಲಿ ಜೋರಾಗಿ ನಕ್ಕದ್ದು ಅದೊಂದೇ ಸಲ.

ಮೊದಲು ಒಂದು ತುಂಡು ಲೋಹದ ಮೇಲೆ ಪರೀಕ್ಷೆ ಮಾಡಿದರು. ಶಾಖ ಹೆಚ್ಚಾಯಿತು. ಮೇಲ್ಮೈ ಮಿರಮಿರ ಮಿಂಚಿತು, ನನ್ನ ಸೂಜಿಯೂ ಒಳ್ಳೆಯ ಅಂಕಿ ಕೊಟ್ಟಿತು. ನಾನು ಹಿಗ್ಗಿದೆ. ಉದಯ ಆ ತುಂಡನ್ನು ಪಕ್ಕಕ್ಕೆ ಎಸೆದ.

“ಇದು ಮೋಸ ಅಕ್ಕ. ಲೋಹ ಕರಗಿ ಗುಳಿಯ ಮೇಲೆ ಕೆನೆ ಕಟ್ಟಿದ್ದು. ಅಡಿಯಲ್ಲಿ ಗುಳಿ ಹಾಗೇ ಉಂಟು. ತಿರುವನಂತಪುರದವರು ಕಾಣುವ ಗುಳಿಯನ್ನು ನಾಲ್ಕೈದು ಆದ್ರೂ ಬಿಡ್ತಾರೆ, ಮುಚ್ಚಿದ್ದನ್ನು ಬಿಡುದಿಲ್ಲ. ಅದು ಆಮೇಲೆ ಯಾವಾಗ ಬಾಯಿ ಬಿಡ್ತದೆ ಅಂತ ದೇವರಿಗೂ ಗೊತ್ತಿಲ್ಲ.”

ಇದನ್ನು ಅವನು ನನಗೆ ಹೇಳಿದ. ಕಾಕಾ ಆಗ ಕಿಟಕಿಗೆ ಹಣೆ ಹಚ್ಚಿ, ಲೋಹ ಕಚ್ಚಿ ಹಿಡಿಯುವ ಚಕ್ಕು ತಿರುಗುವುದನ್ನು ನೋಡುತ್ತಿದ್ದರು. ಶಾಖ ಇಳಿಸಿ, ವೇಗ ಬದಲಿಸಿ, ಮತ್ತೆ ನಾಲ್ಕು ತುಂಡು ಹಾಳು ಮಾಡಿ, ಹನ್ನೆರಡೂವರೆಯ ಹೊತ್ತಿಗೆ ನಮ್ಮ ರಿಂಗಿನ ಕೊನೆಯ ಸುತ್ತು ಮುಗಿಯಿತು. ರಿಂಗು ಚಕ್ಕಿನಲ್ಲಿದ್ದಂತೆಯೇ ನಾನು ಸೂಜಿ ಎಳೆದೆ. ಏಳು.

ಎಂಟರೊಳಗೆ ಏಳು. ಪಾಸು. ಹೊಳಪಿರಲಿಲ್ಲ, ಬೂದಿ ಒರೆಸಿದ ಪಾತ್ರೆಯಂತೆ ಮಂಕಾಗಿತ್ತು, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ ಕಾಣುತ್ತಿತ್ತು. ಅಂಕಿಯನ್ನು ವಹಿಯಲ್ಲಿ ಬರೆದುಕೊಂಡೆ. ಕಾಕಾ ಬಂದು ನೋಡಿದರು. ಹೆಬ್ಬೆರಳು ಮುಂದೆ ಹೋಗಿ ಹಿಂದಕ್ಕೆ ಬಂತು.

“ಏಳಂದ್ರ ಅಂಚಿನ ಮ್ಯಾಲ ನಿಂತಂಗಲ್ಲೇನವ್ವಾ? ಅವರ ಸೂಜಿ ಒಂದಂಕಿ ಹೆಚ್ಚು ತೋರಿಸಿದ್ರ?”

“ಏಳೂ ಪಾಸ, ಆರೂ ಪಾಸ ಕಾಕಾ. ಚಿಂತಿ ಬಿಡ್ರಿ. ಊಟಕ್ಕ ನಡೀರಿ.”

“ನನಗ ಆ ಅನ್ನ ಒಲ್ಲೆ. ಇಲ್ಲೇ ಕುಂತು ರೊಟ್ಟಿ ತಿಂತೀನಿ.”

ಒಂದು ಗಂಟೆ ಹೊಡೆದರೆ ಇಲ್ಲಿಯ ಜನ ಕೈಯಲ್ಲಿದ್ದುದನ್ನು ಕೆಳಗಿಟ್ಟು ಊಟಕ್ಕೆ ಏಳುತ್ತಾರೆ. ನಮ್ಮ ಶೆಡ್ಡಿನಲ್ಲಿ ಜಾಬ್ ಇಳಿಸದೆ ಊಟಕ್ಕೆ ಹೋಗುವವರಿಲ್ಲ. ಉದಯ ಲೇಸರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ರಿಂಗನ್ನು ಬಂದ ಮೇಲೆ ಇಳಿಸಿದರಾಯಿತು ಎಂದ. ಬರೀ ಲೇತು ತಿರುಗಿಸಲು ಯಾವ ಕೀಲಿಯೂ ಬೇಕಿರಲಿಲ್ಲ.

ಮೀನು ಸಾರಿನ ವಾಸನೆಯ ಮೆಸ್ಸಿನಲ್ಲಿ ಮಜ್ಜಿಗೆ ಅನ್ನ ಉಂಡು ಮುಕ್ಕಾಲು ಗಂಟೆಯ ಬಳಿಕ ವಾಪಸಾದೆವು. ಕಾಕಾ ಗೋಡೆಗೊರಗಿ ಸ್ಟೂಲಿನ ಮೇಲೆ ಕೂತಿದ್ದರು, ಮುಖ ತೊಳೆದ ಹಾಗೆ ಪ್ರಸನ್ನವಾಗಿತ್ತು. ಉದಯನಿಗೆ ಫೋನು ಬಂದು ಅವನು ಹೊರಗೆ ಹೋದ. ರಿಂಗು ಇಳಿಸಿ ಡಬ್ಬಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅದು ಹೊಳೆಯುತ್ತಿತ್ತು. ಹುಬ್ಬಳ್ಳಿಯಲ್ಲಿ ಸಾವಿರ ಸಲ ನೋಡಿದ ಹೊಳಪು. ಆ ಗುಳಿಗಳು ಎಲ್ಲೂ ಕಾಣಲಿಲ್ಲ. ಸೂಜಿ ಎಳೆದೆ. ಮೂರು.

ನಾನು ಪೆದ್ದಿಯಲ್ಲ. ಊಟದ ಹೊತ್ತಿನಲ್ಲಿ ಲೋಹ ತಾನಾಗಿ ನುಣುಪಾಗುವುದಿಲ್ಲ. ಒಂಬತ್ತನೇ ಷರತ್ತು ನೆನಪಿತ್ತು, ಕೆನೆ ಕಟ್ಟಿದ ಗುಳಿಯ ಬಗ್ಗೆ ಉದಯ ಅಂದದ್ದಂತೂ ಇನ್ನೂ ಕಿವಿಯಲ್ಲಿತ್ತು. ಆಗಲೇ ಅವನನ್ನು ಕರೆದು ಹೇಳಿದ್ದರೆ ಮತ್ತೊಂದು ತೆಳು ಸುತ್ತು ಹೊಡೆದು ಸರಿಮಾಡಬಹುದಿತ್ತು; ಅಷ್ಟು ದಪ್ಪ ರಿಂಗಿನಲ್ಲಿ ಉಳಿದಿತ್ತು. ಆದರೆ ಮೂರು ಎಂಬ ಅಂಕಿ ನನ್ನ ಕಣ್ಣೆದುರು ಕೂತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಯಾವ ಅಂಕಿಯನ್ನೂ ನಾನು ಇಷ್ಟು ಆಸೆಯಿಂದ ನೋಡಿರಲಿಲ್ಲ. ಮೂರು ಕಂಡವರು ರಿಂಗನ್ನು ಬೇಡ ಎನ್ನುವುದುಂಟೆ? ಕಾಕಾ ಉಳಿಯುತ್ತಾರೆ. ವಹಿಯಲ್ಲಿ ಏಳನ್ನು ಹೊಡೆದು ಮೂರು ಎಂದು ಬರೆದೆ.

“ಎಷ್ಟ ಬಂತವ್ವಾ?” ಎಂದರು ಕಾಕಾ.

“ಮೂರು.”

ರಿಂಗನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ವೈಟ್ಟಿಲ

ಮರುದಿನ ಬೆಳಿಗ್ಗೆ ವೈಟ್ಟಿಲದ ಬಸ್ ನಿಲ್ದಾಣದಿಂದ ತಿರುವನಂತಪುರಕ್ಕೆ ಹೊರಟೆವು. ಬಸ್ಸಿಗೆ ಗಾಜಿನ ಕಿಟಕಿ ಇಲ್ಲ, ಮಳೆ ಬಂದರೆ ಎಳೆದುಕೊಳ್ಳಲು ಅಂಗಡಿಯಂತೆ ಶಟರು. ಹೊರಟ ಹತ್ತು ನಿಮಿಷಕ್ಕೆ ಮಳೆ ಬಂತು. ಟಪಟಪ ಎಂದು ಎಲ್ಲರೂ ಒಮ್ಮೆಗೇ ಶಟರು ಇಳಿಸಿದರು, ಬಸ್ಸು ಗೋದಾಮಿನಂತೆ ಕತ್ತಲಾಯಿತು. ಆ ಕತ್ತಲಲ್ಲೂ ಪಕ್ಕದ ಮುದುಕ ಮೊಬೈಲಿನ ಬೆಳಕಿನಲ್ಲಿ ಪೇಪರು ಓದುವುದನ್ನು ಬಿಡಲಿಲ್ಲ. ಹಿನ್ನೀರು, ದೋಣಿ, ತೆಂಗು ಎಂದು ಜನ ವರ್ಣಿಸುವ ಕೇರಳವನ್ನು ನಾನು ಹೀಗೆ ತಗಡಿನ ಹಿಂದೆ ಕೂತು ದಾಟಿದೆ. ಅದರ ಬಗ್ಗೆ ಬರೆಯಲು ನನ್ನಲ್ಲಿ ಒಂದು ಸಾಲೂ ಇಲ್ಲ.

ಹೆಂಗಸರ ಸೀಟು ಮುಂದೆ, ಕಾಕಾ ಹಿಂದೆ. ಆಲಪ್ಪುಳದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರು ನನ್ನ ಹತ್ತಿರ ಬಂದು ನಿಂತರು. ಮನಸ್ಸು ಹಗುರಾದವರು ಮಾತಾಡುವಂತೆ ಮಾತಾಡಿದರು.

“ಲೇಸರಿಗೂ ಕಡೀಕ ಮನಷ್ಯಾನ ಕೈ ಬೇಕಾಗ್ತದವ್ವಾ. ನಾ ಮದ್ಲ ಹೆದರಿದ್ದೆ, ಇನ್ನ ನಮ್ಮಂಥವ್ರು ಯಾಕ ಬೇಕು ಅಂತ. ಬೆಂಕಿ ಬೆಂಕೀ ಕೆಲಸ ಮಾಡ್ತದ. ಕೈ ಕೈಯಿನ ಕೆಲಸ ಮಾಡಬೇಕು.”

ಆಗಲಾದರೂ ಹೇಳಬಹುದಿತ್ತು. ಡಬ್ಬಿ ನನ್ನ ತೊಡೆಯ ಮೇಲಿತ್ತು, ಕೊಚ್ಚಿ ಒಂದೂವರೆ ಗಂಟೆ ಹಿಂದಿತ್ತು. ಚಹಾ ಬಹಳ ಸಿಹಿಯಾಗಿದೆ ಎಂದೆ.

ತುಂಬ

ತಿರುವನಂತಪುರದ ಅಂಚಿನಲ್ಲಿರುವ ತುಂಬ ಎಂಬ ಊರಿನ ಸಮುದ್ರಕ್ಕೆ ಹೋಲಿಸಿದರೆ ನಮ್ಮ ಕಾರವಾರದ ಸಮುದ್ರ ಸಾಧು. ಇಲ್ಲಿ ಅದು ಸಿಡುಕಿನಿಂದ ದಡ ಗುದ್ದುತ್ತಿತ್ತು. ಒಂದು ಪಕ್ಕ ರಾಕೆಟ್ಟಿನವರ ಉದ್ದುದ್ದ ಗೋಡೆ, ಇನ್ನೊಂದು ಪಕ್ಕ ಮೀನುಗಾರರ ಬಲೆ, ದೋಣಿ, ಒಣಹಾಕಿದ ಬಟ್ಟೆ. ಈ ಗೋಡೆಯವರು ಆ ಬಲೆಯವರನ್ನು, ಆ ಬಲೆಯವರು ಈ ಗೋಡೆಯನ್ನು ನೋಡದೆ ಓಡಾಡುತ್ತಿದ್ದರು. ನಮ್ಮ ತಪಾಸಣೆಯ ಕಚೇರಿ ಗೋಡೆಯ ಒಳಗಿನದಲ್ಲ, ಅವರಿಗಾಗಿ ಜಾಬುಗಳನ್ನು ನೋಡಿಕೊಡುವ ಬೇರೆಯೇ ಸಂಸ್ಥೆ. ಎರಡು ಕೋಣೆ, ಒಂದು ವರಾಂಡ. ಒಳಗೆ ಒಬ್ಬರಿಗೆ ಮಾತ್ರ ಪ್ರವೇಶ ಎಂದರು. ಕಾಕಾ ವರಾಂಡದ ಬೆಂಚಿನಲ್ಲಿ ಕೂತರು.

ತಪಾಸಣೆ ಮಾಡುವ ಬೀನಾ ಮೇಡಂ ನನಗಿಂತ ಚಿಕ್ಕವರು, ಮುಡಿಯಲ್ಲಿ ಮಲ್ಲಿಗೆ, ಮಾತು ಮೃದು. ಇಂಗ್ಲಿಷು ನನಗೆ ತಿಳಿಯುವಷ್ಟು ನಿಧಾನವಾಗಿ ಮಾತಾಡಿದರು. ಮೊದಲು ಬಾಳೆಹಣ್ಣಿನ ಬಜ್ಜಿ, ಚಹಾ ತರಿಸಿಕೊಟ್ಟರು. ಅಪ್ಪ ಇದೇ ದಡದಲ್ಲಿ ಮೀನು ಹಿಡಿಯುತ್ತಿದ್ದರಂತೆ. ನುಣುಪು ಅಳೆದರು. ಅವರ ಯಂತ್ರವೂ ಮೂರು ಎಂದಿತು. ಅವರು ಹುಬ್ಬೇರಿಸಿ, ಬಹಳ ಚೆನ್ನಾಗಿದೆ ಚೇಚಿ ಎಂದರು. ಆಮೇಲೆ ಏನನ್ನೋ ಯೋಚಿಸಿದವರಂತೆ ರಿಂಗನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದಿ, ಸ್ವಲ್ಪ ಹೊತ್ತಿಗೆ ತೆಗೆದು ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಕೆಟ್ಟದ್ದನ್ನು ಬಾಯಿಯಲ್ಲಿ ಹೇಳದೆ ಕಣ್ಣಿಗೆ ತೋರಿಸುವುದು ಅವರ ಪದ್ಧತಿಯಾಗಿರಬೇಕು.

ಗುಳಿಗಳು ಬಾಯಿ ತೆರೆದಿದ್ದವು. ಅವುಗಳ ಮೇಲೆ ಉಜ್ಜಿ ಹರಡಿದ್ದ ಅಲ್ಯೂಮಿನಿಯಂ ಸೋಡಾಕ್ಕೆ ಕರಗಿ, ಅಂಚಿನಲ್ಲಿ ಹರಿದ ಕೆನೆಯಂತೆ ಉಳಿದಿತ್ತು. ಎರಡು ಗುಳಿಗಳಲ್ಲಿ ಬೇರೆಯೇ ಬಣ್ಣದ ಕಾಳುಗಳು ಹೂತು ಕೂತಿದ್ದವು. ಇದು ನಿಮ್ಮ ಲೋಹದ್ದಲ್ಲ, ಎಮರಿಯದು ಎಂದರು ಮೇಡಂ. ಹಾರುವಾಗ ಇದರಲ್ಲೊಂದು ಉದುರಿದರೆ ಏನಾಗುತ್ತದೆಂದು ಅವರು ಹೇಳಲಿಲ್ಲ. ಗುಳಿಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿ, ಚಷ್ಮಾ ತೆಗೆದು, ಕೈಯಾಡಿಸದೆ ಹಾಗೇ ತಂದಿದ್ದರೆ ಇದು ಪಾಸಾಗುತ್ತಿತ್ತಲ್ಲ ಚೇಚಿ ಎಂದರು. ಅವರ ದನಿಯಲ್ಲಿ ನಿಜವಾದ ವ್ಯಥೆ ಇತ್ತು.

ಆಮೇಲೆ ಒಂದು ಫಾರಂ ತಂದರು. ನಡೆದದ್ದನ್ನು ಮುಚ್ಚಿಡದೆ ಬರೆದುಕೊಟ್ಟರೆ ನಮ್ಮ ಶೆಡ್ಡಿಗೆ ಎರಡನೇ ಅವಕಾಶ, ಇಲ್ಲದಿದ್ದರೆ ಬಾಗಿಲು ಬಂದ್. ಮೊದಲ ಪ್ರಶ್ನೆ: ಅನುಮತಿ ಇಲ್ಲದ ಕೈಕೆಲಸ ಮಾಡಿದವರು ಯಾರು? ಅವರು ಇನ್ನು ಮುಂದೆ ಈ ಕೆಲಸದ ಯಾವ ಹಂತದಲ್ಲೂ ಇರತಕ್ಕದ್ದಲ್ಲ. ಎರಡನೆಯದು: ಅಳತೆ ಮಾಡಿದವರಿಗೆ ಇದು ಗೊತ್ತಿತ್ತೇ? ಇಬ್ಬರೂ ಸಹಿ ಮಾಡಬೇಕು.

ಹಾಳೆ ಹಿಡಿದು ವರಾಂಡಕ್ಕೆ ಬಂದೆ. ಕಾಕಾ ಸಮುದ್ರ ನೋಡುತ್ತಿದ್ದವರು ನನ್ನ ಮುಖ ನೋಡಿದರು.

“ಆಗಲಿಲ್ಲೇನು?”

“ಕಾಕಾ, ನೀವು ಊಟದ ಹೊತ್ತಿನ್ಯಾಗ ರಿಂಗಿಗೆ ಎಮರಿ ಹಿಡದ್ರೇನು?”

“ಹೂನವ್ವಾ. ದುವಾ ಕೊಟ್ಟೆ. ಅಂಚಿನ ಮ್ಯಾಲ ಇತ್ತಲ್ಲ, ಹಂಗs ಹ್ಯಾಂಗ ಕಳಸೂದು?” ಅವರ ಕೈ ತಾನಾಗಿ ಅಂಗಿಯ ಜೇಬು ಮುಟ್ಟಿಕೊಂಡಿತು. “ತಪ್ಪಾತೇನು?”

ಅವರಿಗೆ ಪರದೆಯಲ್ಲಿ ಕಂಡದ್ದನ್ನು ಹೇಳಿದೆ. ಒಂದೇ ಒಂದು ಸುಲಭದ ಪದ ಹುಡುಕಲೂ ಕಷ್ಟಪಟ್ಟೆ. ಅವರು ತಲೆ ಬಗ್ಗಿಸಿ ಕೇಳಿದರು. ಮುಗಿದ ಮೇಲೆ ತಮ್ಮ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡರು.

“ಆ ಕಾಗದದಾಗ ಕೈ ಹಚ್ಚಬ್ಯಾಡ ಅಂತ ಬರದಿದ್ರೇನವ್ವಾ? ನೀ ಓದಿದಿಯಲ್ಲ, ನನಗ ನೆನಪs ಇಲ್ಲ.”

“ಇತ್ತು ಕಾಕಾ. ನನಗೂ ಈಗs ಕಣ್ಣಿಗೆ ಬಿತ್ತು.”

“ನಿನ್ನ ಕಣ್ಣಿಗೂ ಬೀಳಲಿಲ್ಲಂದ್ರ ಭಾಳ ಸಣ್ಣ ಅಕ್ಷರ ಇದ್ದಿರಬೇಕು ಬಿಡು” ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಬೆಂಚಿನ ಮೇಲೆ ಕೂತು ಫಾರಂ ತುಂಬಿದೆ. ಮೊದಲ ಪ್ರಶ್ನೆಗೆ ಅವರ ಪೂರ್ತಿ ಹೆಸರು ಬರೆದೆ. ಎರಡನೆಯದಕ್ಕೆ ಪೆನ್ನು ನಿಂತಿತು. ಗೊತ್ತಿತ್ತು ಎಂದು ಬರೆದರೆ ನನ್ನ ಇಪ್ಪತ್ತೆಂಟು ವರ್ಷದ ಅಂಕಿಗಳೆಲ್ಲ ಸುಳ್ಳಾಗುತ್ತವೆ, ಅಳೆಯುವವಳೇ ನಂಬಿಕೆಗೆ ಯೋಗ್ಯಳಲ್ಲ ಎಂದರೆ ಶೆಡ್ಡಿಗೆ ಎರಡನೇ ಅವಕಾಶ ಸಿಗುವುದಿಲ್ಲ, ಹತ್ತು ಜನರ ಅನ್ನ ಹೋಗುತ್ತದೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಈಗ ನಿಜ ಬರೆಯುತ್ತೇನೆ: ಹೆದರಿದ್ದೆ, ಅಷ್ಟೇ. ಇಲ್ಲ ಎಂದು ಬರೆದೆ.

“ಏನ್ ಬರದೀನಿ ಅಂತ ಓದಿ ಹೇಳ್ಲೇನು ಕಾಕಾ?”

“ಬ್ಯಾಡವ್ವಾ. ನೀ ಅಳತಿ ಮಾಡಿದ ಮ್ಯಾಲ ನಾ ಎಂದರ ಮತ್ತೊಮ್ಮೆ ವರ್ನಿಯರ್ ಹಿಡದೇನೇನು?” ಎಂದು ಪೆನ್ನು ಇಸಿದುಕೊಂಡು, ನಾನು ಬೆರಳಿಟ್ಟ ಜಾಗದಲ್ಲಿ ಸಾವಕಾಶವಾಗಿ ಸಹಿ ಮಾಡಿದರು.

ಮರಳಿ

ರೈಲಿನಲ್ಲಿ ಕಾಕಾ ಚೀಲ ಬಿಚ್ಚಿದರು. ಉಳಿದ ರೊಟ್ಟಿಗೆ ಬೂಸಲು ಹಿಡಿದಿತ್ತು, ಪಾಲಕ್ಕಾಡಿನ ಹತ್ತಿರ ಕಿಟಕಿಯಿಂದ ಚೆಲ್ಲಿದರು. ಮಳೆ ಹಿಂದೆ ಉಳಿಯಿತು. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ನನ್ನ ಚೀಲವನ್ನೂ ಅವರೇ ಹೊತ್ತು ಆಟೋಕ್ಕೆ ಹಾಕಿದರು.

ಎರಡನೇ ರಿಂಗನ್ನು ಬೇರೆಯವರು ಕೊರೆದರು. ಅದನ್ನು ಹೊತ್ತು ನಾನೊಬ್ಬಳೇ ಕೊಚ್ಚಿಗೆ ಹೋದೆ. ಉದಯನ ಲೇತಿನಿಂದ ಇಳಿದದ್ದನ್ನು ಮುಟ್ಟದೆ ಡಬ್ಬಿಗೆ ಹಾಕಿದೆ. ಏಳೂವರೆ ಇತ್ತು, ಪಾಸಾಯಿತು. ಈಗ ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ಗುಲಾಬಿ ನೀರು ರೂಢಿಯಾಗಿದೆ, ನಿಧಿ ನನಗೆ ಮಲಯಾಳದಲ್ಲಿ ಲೆಕ್ಕ ಒಪ್ಪಿಸುತ್ತಾಳೆ. ಕಾಕಾ ಮನೆಗೆ ಹೋದರು, ಅವರ ಲೇತಿನ ಜಾಗದಲ್ಲಿ ಹೊಸ ಮಶೀನು ಬಂದಿದೆ.

ಮೊನ್ನೆ ರಂಜಾನಿಗೆ ಅವರ ಮನೆಗೆ ಹೋಗಿದ್ದೆ. ಕಾಕಾ ಇಳಿದುಹೋಗಿದ್ದಾರೆ. ಮಾತಾಡುವಾಗ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಲೇ ಇರುತ್ತವೆ. ಹಬ್ಬದ ಶಾವಿಗೆ ಪಾಯಸ, ಸುರಕುಂಬಾದ ಬಟ್ಟಲು ತಂದುಕೊಟ್ಟ ಮೊಮ್ಮಗಳನ್ನು ಹತ್ತಿರ ಕರೆದು, ನನ್ನ ಕಡೆ ತೋರಿಸಿ, “ನೋಡವಾ, ಈಕೀ ಅಳತಿ ಇಷ್ಟು ವರ್ಷದಾಗ ಒಮ್ಮಿನೂ ತಪ್ಪಿಲ್ಲ. ನೀನೂ ಹಿಂಗ ಆಗಬೇಕು” ಎಂದರು. ನಾನು ಬಟ್ಟಲು ಖಾಲಿ ಮಾಡಿ, ಇನ್ನೊಂದಿಷ್ಟು ಹಾಕಿಸಿಕೊಂಡೆ.